ಬಿಸಿನೀರು ಬರುವ ತನಕ

ನಮ್ಮ ಮನೆಯ ಕೆಳ ಅಂತಸ್ತಿನ ಬಚ್ಚಲಲ್ಲಿ ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ಬರುವುದು ತಣ್ಣೀರು. ರಾತ್ರಿಯಿಡೀ ಕೊಳವೆಯಲ್ಲಿ ನಿಂತು ತಣಿದ ಆ ನೀರು ಪೂರ್ತಿ ಹೊರಬಂದ ಮೇಲೆ ಉಗುರುಬೆಚ್ಚಗಿನದು, ಅದರ ಹಿಂದೆಯೇ ಕೈಯಿಡಲಾಗದಷ್ಟು ಬಿಸಿಯಾದದ್ದು. ಮನೆ ಕಟ್ಟಿದ 2012ರಿಂದ ಆ ತಣ್ಣೀರನ್ನು ನಾವು ಬಚ್ಚಲ ತೂತಿಗೆ ಬಿಡುತ್ತ ಬಂದಿದ್ದೆವು. ನಲ್ಲಿ ತಿರುಗಿಸಿ, ಟವೆಲು ತರಲು ಹೋಗಿ, ಫೋನಿನಲ್ಲಿ ಒಂದೆರಡು ಸುದ್ದಿ ಓದಿ ಬರುವಷ್ಟರಲ್ಲಿ ಹಬೆ ಏಳುತ್ತಿತ್ತು. ಚಾವಣಿಯ ಮೇಲೆ ಸೋಲಾರ್ ಹೀಟರ್ ಇದೆ, ಬಿಸಿನೀರಿಗೆ ಕರೆಂಟು ಸುಡುತ್ತಿಲ್ಲ ಎಂಬ ನೆಮ್ಮದಿ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಎರಡು ನಿಮಿಷದ ನೀರು ನಮ್ಮ ಕಣ್ಣಿಗೆ ನೀರಾಗಿಯೇ ಕಾಣುತ್ತಿರಲಿಲ್ಲ.

ಅದು ಕಂಡದ್ದು ನನ್ನ ಅಮ್ಮನಿಗೆ. 2024ರ ಮಾರ್ಚಿನಲ್ಲಿ, ಬೆಂಗಳೂರಿನ ಬೋರ್‌ವೆಲ್ಲುಗಳು ಒಂದರ ಹಿಂದೊಂದು ಬತ್ತಿ, ಟ್ಯಾಂಕರಿನವರು ಹೇಳಿದ್ದೇ ದರವಾಗಿದ್ದ ದಿನಗಳಲ್ಲಿ, ಅವಳು ಸಾಗರದ ಕಡೆಯ ನಮ್ಮ ಹಳ್ಳಿಯಿಂದ ಬಂದು ನಮ್ಮಲ್ಲಿದ್ದಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗಷ್ಟೇ ಆದೇಶ ಹೊರಡಿಸಿತ್ತು. ನಲ್ಲಿಯ ಬಾಯಿಗೆ ಗಾಳಿ ಬೆರೆಸಿ ನೀರು ಉಳಿಸುವ ಜಾಲರಿ ಹಾಕಬೇಕೆಂಬ ಮಾತೂ ಎಲ್ಲೆಡೆ ಇತ್ತು. ನಾನು ಆ ಜಾಲರಿಗಳನ್ನು ತಂದು ಅಡುಗೆಮನೆಯ ನಲ್ಲಿಗೆ ಹಾಕಿ, ಸ್ವಲ್ಪ ಹೆಮ್ಮೆಯಿಂದಲೇ ಅಮ್ಮನಿಗೆ ತೋರಿಸಿದ್ದೆ. ಮರುದಿನ ಬೆಳಿಗ್ಗೆ ಟವೆಲು ಹಿಡಿದು ಬಚ್ಚಲಿಗೆ ಬಂದರೆ ಅವಳು ಬಾಗಿಲಲ್ಲಿ ನಿಂತು, ಹರಿದು ಹೋಗುತ್ತಿದ್ದ ನೀರನ್ನೇ ನೋಡುತ್ತಿದ್ದಳು. "ಅಲ್ಲ ಮಾರಾಯ, ಕಾರು ತೊಳೆದರೆ ಐದು ಸಾವಿರ ದಂಡ ಅಂತ ಟಿವಿಯಲ್ಲಿ ಹೇಳ್ತಾರೆ. ಇದಕ್ಕೆ ಎಷ್ಟು?" ಎಂದಳು.

ಅವಳು ನಗುತ್ತಲೇ ಕೇಳಿದಳು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ಕೇಳಿದ್ದು ಯಾರು ಎಂಬುದು ಬಚ್ಚಲಿನ ಬಾಗಿಲು ಹಾಕಿಕೊಂಡ ಮೇಲೆ ನೆನಪಾಯಿತು. ಅಮ್ಮನ ತವರು 1964ರಲ್ಲಿ ಪೂರ್ಣಗೊಂಡ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅವಳಿಗೆ ಆಗ ಎಂಟು ವರ್ಷ. ಅಂಗಳದ ಕಟ್ಟೆಯನ್ನೂ ಹಿತ್ತಿಲ ಹಲಸಿನ ಮರವನ್ನೂ ಅವಳು ಈಗಲೂ ಕೈಯಾಡಿಸಿ ದಿಕ್ಕು ತೋರಿಸುತ್ತ ವರ್ಣಿಸುತ್ತಾಳೆ. ಶರಾವತಿಯಿಂದ 1,035 ಮೆಗಾವಾಟ್ ವಿದ್ಯುತ್ತು ಹೊರಟದ್ದಾಯಿತು, ಇನ್ನು ಆ ನೀರನ್ನೇ 350 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ತರೋಣವೆಂಬ ಪ್ರಸ್ತಾಪ 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆಯ ಜನ ಬಂದ್ ಮಾಡಿ ಬೀದಿಗಿಳಿದಿದ್ದರು. ಅಮ್ಮ ಆ ಯಾವುದನ್ನೂ ಎತ್ತಲಿಲ್ಲ. ಮರುದಿನದಿಂದ ನಲ್ಲಿಯ ಕೆಳಗೆ ಒಂದು ಬಕೆಟ್ಟು ಬಂದು ಕೂತಿತು, ಅಷ್ಟೇ. ಅಳೆದು ನೋಡಿದೆ: ಬಿಸಿ ತಾಗುವಷ್ಟರಲ್ಲಿ 14 ಲೀಟರ್. ದಿನಕ್ಕೆ ಒಂದೇ ಸಲವೆಂದು ಹಿಡಿದರೂ ವರ್ಷಕ್ಕೆ 5,000 ಲೀಟರಿಗೂ ಹೆಚ್ಚು, ಅಂದರೆ ಆ ಬೇಸಿಗೆಯಲ್ಲಿ ನಾವು ಗೋಗರೆದು ತರಿಸಿಕೊಂಡಂಥ ಸಣ್ಣ ಟ್ಯಾಂಕರೊಂದರ ಪೂರ್ತಿ ನೀರು.

ಹಂಡೆ

ನಾನು ಬೆಳೆದ ಮನೆಯಲ್ಲಿ ಬಿಸಿನೀರು ಬರುವುದೆಂಬ ಮಾತೇ ಇರಲಿಲ್ಲ, ಅದನ್ನು ಕಾಯಿಸಬೇಕಿತ್ತು. ಬಚ್ಚಲುಮನೆಯ ಮೂಲೆಯಲ್ಲಿ ಒಲೆಗೆ ಕೂರಿಸಿ ಮಣ್ಣು ಮೆತ್ತಿದ ತಾಮ್ರದ ಹಂಡೆ. ಅದರ ಹೊಟ್ಟೆ ಮಸಿಯಿಂದ ಕಪ್ಪು, ಕಂಠ ಮಾತ್ರ ಹುಣಿಸೆಹಣ್ಣಿನಿಂದ ಉಜ್ಜಿದ ಕೆಂಪು. ಉರಿಗೆ ಕಾಡಿನ ಕುಂಟೆ, ಅಡಿಕೆ ಸಿಪ್ಪೆ, ಒಣಗಿದ ಸೋಗೆ, ತೆಂಗಿನ ಕರಟ, ಒಟ್ಟಿನಲ್ಲಿ ತೋಟ ಮತ್ತು ಬೆಟ್ಟ ಬೇಡವೆಂದು ಕೆಡವಿದ್ದೆಲ್ಲ. ಬೂದಿ ಪಾತ್ರೆ ತಿಕ್ಕಲು ಹೋಗುತ್ತಿತ್ತು, ಉಳಿದದ್ದು ತೋಟಕ್ಕೆ. ಮಿಂದ ನೀರು ಹಿತ್ತಿಲ ಕಡೆಯ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಸೇರುತ್ತಿತ್ತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬವೆಂದು ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದೆವು. ನೀರು ಕಾಯಿಸುವ ಪಾತ್ರೆಗೇ ಒಂದು ಹಬ್ಬವಿಟ್ಟವರು ಬಿಸಿನೀರಿನ ಬೆಲೆ ಬಲ್ಲವರಾಗಿದ್ದರು ಎಂದು ಇದನ್ನೆಲ್ಲ ಇಲ್ಲಿಗೇ ನಿಲ್ಲಿಸಿದರೆ ಓದಲು ಸೊಗಸಾಗಿರುತ್ತದೆ.

ಆದರೆ ಅದು ಪೂರ್ತಿ ನಿಜವಲ್ಲ. ಹನ್ನೆರಡು ಜನರ ಮನೆಯಲ್ಲಿ ಎಲ್ಲರ ಸ್ನಾನಕ್ಕೆ ನೀರು ಸಿದ್ಧವಾಗಬೇಕಾದರೆ ಯಾರೋ ಒಬ್ಬರು ಬೆಳಗಿನ ನಾಲ್ಕೂವರೆಗೆ ಎದ್ದು ಒಲೆಯ ಮುಂದೆ ಕೂರಬೇಕಿತ್ತು, ಮತ್ತು ಆ ಯಾರೋ ಒಬ್ಬರು ಒಮ್ಮೆಯೂ ಗಂಡಸಾಗಿದ್ದದ್ದು ನನಗೆ ನೆನಪಿಲ್ಲ. ಮೊದಲು ಅಜ್ಜಿ, ಆಮೇಲೆ ದೊಡ್ಡಮ್ಮ, ಕೊನೆಗೆ ಅಮ್ಮ. ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರೆ ಊದುಗೊಳವೆ ಹಿಡಿದು ಊದಿ ಊದಿ ಅವರ ಕಣ್ಣು ಕೆಂಪಾಗುತ್ತಿತ್ತು. ಬಚ್ಚಲಿನ ಮಾಡಿನಿಂದ ಇಲ್ಲಣ ಜೋತುಬೀಳುತ್ತಿತ್ತು. ನಾವು ಮಕ್ಕಳು ಚಳಿಗೆ ಬೆನ್ನು ಕಾಯಿಸಿಕೊಳ್ಳುತ್ತಿದ್ದ ಆ ಉರಿಯ ಮುಂದೆ ಅವರು ಕೂತದ್ದು ಬೇರೆ ಕಾರಣಕ್ಕೆ ಎಂಬುದು ನನಗೆ ಹೊಳೆದದ್ದೇ ಬಹಳ ತಡವಾಗಿ.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಮನೆಗೆ ಅಸ್ತ್ರ ಒಲೆ ಬಂತು. ಮಲೆನಾಡಿನ ಬಹಳ ಮನೆಗಳಲ್ಲಿ ಆ ಹೆಸರು ಇಂದಿಗೂ ಚಾಲ್ತಿಯಲ್ಲಿದೆ, ಆದರೆ ಅದು ಬಾಣದ ಅಸ್ತ್ರವಲ್ಲ ಎಂಬುದು ಎಲ್ಲರಿಗೂ ಗೊತ್ತಿರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ ಎಂಬ ಉದ್ದೇಶದಿಂದ ಕಟ್ಟಿದ ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ ಅದು. ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಪಾತ್ರೆ ಬಿಗಿಯಾಗಿ ಕೂರುವ ಬಾಯಿಗಳು, ಹೊಗೆ ಹೊರಗೆ ಹೋಗಲು ಚಿಮಣಿ. ಹೊಸದಾಗಿ ಸೇರಿಸಿದ್ದು ಅಷ್ಟೇ. ಉರಿಯುವುದು ಅದೇ ಸೌದೆ. ನಮ್ಮ ಅಡುಗೆಮನೆಗೆ ಅದನ್ನು ಹಾಕಿದ ಗಾರೆಯವನು ಅದೇ ಉಪಾಯವನ್ನು ಬಚ್ಚಲೊಲೆಗೂ ಹೊಂದಿಸಿಕೊಟ್ಟ. ಸೌದೆ ಕಣ್ಣಿಗೆ ಕಾಣುವಷ್ಟು ಉಳಿಯಿತು, ಹೊಗೆ ಮಾಡಿನ ಮೇಲಕ್ಕೆ ಹೋಯಿತು, ಅಮ್ಮನ ಕೆಮ್ಮು ಕಡಿಮೆಯಾಯಿತು. ಅಜ್ಜಿ ಮಾತ್ರ ಹೊಸ ಒಲೆಯ ಮುಂದೆ ಕೂತರೆ ಉರಿಯೇ ಕಾಣುವುದಿಲ್ಲ, ಚಳಿಯೂ ಬಿಡುವುದಿಲ್ಲ ಎಂದು ಗೊಣಗುತ್ತಿದ್ದಳು. ಶಾಖವೆಲ್ಲ ನೀರಿಗೆ ಹೋದರೆ ಕೂತವರಿಗೆ ಉಳಿಯುವುದೇನು ಎಂಬುದು ಅವಳ ತಕರಾರು, ಮತ್ತು ಅದು ಭೌತಶಾಸ್ತ್ರದ ಪ್ರಕಾರ ಸರಿಯಾದ ತಕರಾರೇ ಆಗಿತ್ತು.

ಒಲೆಯ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಅದನ್ನು ಮರೆಯಲು ಬರುವುದಿಲ್ಲ. ಕೊಳ್ಳಿ ಹಿಂದೆ ಸರಿದರೆ ಉರಿ ಆರುತ್ತದೆ, ಮುಂದೆ ಬಂದರೆ ಹೊರಗೆ ಬೀಳುತ್ತದೆ. ಎಷ್ಟು ಜನ ಮಿಂದರು, ಹಂಡೆಗೆ ಎಷ್ಟು ಕೊಡ ತಣ್ಣೀರು ಸುರಿಯಬೇಕು, ನಾಳೆಗೆ ಸಿಪ್ಪೆ ಇದೆಯೇ ಎಂಬ ಲೆಕ್ಕ ಯಾರದೋ ತಲೆಯಲ್ಲಿ ಸದಾ ಓಡುತ್ತಿರಬೇಕು. ಚಾವಣಿಯ ಸೋಲಾರ್ ನಮಗೆ ಸೌದೆಯ ಜೊತೆಗೆ ಈ ಲೆಕ್ಕವನ್ನೂ ಉಳಿಸಿಕೊಟ್ಟಿತು. ಮೊದಲನೆಯದು ಉಳಿದದ್ದು ನಿಸ್ಸಂದೇಹವಾಗಿ ಒಳ್ಳೆಯದೇ. ಎರಡನೆಯದರ ಬಗ್ಗೆ ನನಗೆ ಈಗೀಗ ಅನುಮಾನ.

ಚಾವಣಿಯ ಮೇಲೊಂದು ಬ್ಯಾಟರಿ

ಸೋಲಾರ್ ವಾಟರ್ ಹೀಟರನ್ನು ನಾನು ಹೀಗಳೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಬೆಂಗಳೂರಿನಂಥ ಊರಿನಲ್ಲಿ ಅದಕ್ಕಿಂತ ಜಾಣ ಯಂತ್ರ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಪಂಪಿಲ್ಲ, ತಿರುಗುವ ಭಾಗವಿಲ್ಲ. ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ತಾನಾಗಿ ಕೆಳಗಿಳಿಯುತ್ತದೆ. 200 ಲೀಟರಿನ ಟ್ಯಾಂಕಿನ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಅದರಲ್ಲಿ ಸುಮಾರು 8 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ತುಂಬಿರುತ್ತದೆ. ಅಷ್ಟನ್ನು ಹಿಡಿದಿಡುವ ಲಿಥಿಯಂ ಬ್ಯಾಟರಿಯ ಬೆಲೆ ಕೇಳಿ ನೋಡಿದರೆ ಈ ತಗಡಿನ ಡ್ರಮ್ಮಿನ ಮೇಲೆ ಗೌರವ ಹುಟ್ಟುತ್ತದೆ. ಜೊತೆಗೆ ಅದು ಆ ಶಾಖವನ್ನು ಕೊಡುವ ಹೊತ್ತೂ ಮುಖ್ಯ. ನಗರವೆಲ್ಲ ಸ್ನಾನಕ್ಕೆ ಇಳಿಯುವ ಬೆಳಗಿನ ಆರು ಏಳು ಗಂಟೆಗೆ ಪಾವಗಡದ 13,000 ಎಕರೆಯ ಸೌರ ಪಾರ್ಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಆಗ ಗೀಸರುಗಳಿಗೆ ಕರೆಂಟು ಕೊಡುವುದು ರಾಯಚೂರು ಬಳ್ಳಾರಿಗಳ ಕಲ್ಲಿದ್ದಲು, ಇಲ್ಲವೇ ಅಮ್ಮನ ತವರನ್ನು ಮುಳುಗಿಸಿದ ನೀರು. ನಿನ್ನೆ ಮಧ್ಯಾಹ್ನದ ಬಿಸಿಲನ್ನು ಇಂದು ಬೆಳಗಿನ ಆರಕ್ಕೆ ತಂದುಕೊಡುವುದು ಈ ಡ್ರಮ್ಮಿನ ನಿಜವಾದ ಕೆಲಸ.

ಇದು ಮರೆತುಹೋಗುತ್ತಿರುವುದಕ್ಕೆ ನಮ್ಮ ಬೀದಿಯಲ್ಲೇ ಉದಾಹರಣೆಯಿದೆ. ನೆರೆಮನೆಯವರು ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ ಸಿಗುವ 78,000 ರೂಪಾಯಿ ಸಹಾಯಧನದಿಂದ ಫಲಕಗಳನ್ನು ಹಾಕಿಸಿದರು. ಜಾಗ ಸಾಲದೆ ಹಳೆಯ ವಾಟರ್ ಹೀಟರನ್ನು ಗುಜರಿಗೆ ಕೊಟ್ಟು ಬಚ್ಚಲಿಗೆ ಗೀಸರ್ ತಂದರು. ಮೀಟರಿನ ಲೆಕ್ಕದಲ್ಲಿ ಅವರು ಗೆದ್ದಿದ್ದಾರೆ, ಏಕೆಂದರೆ ನೆಟ್ ಮೀಟರಿಗೆ ಮಧ್ಯಾಹ್ನ ಕೊಟ್ಟ ಯೂನಿಟ್ಟೂ ಬೆಳಿಗ್ಗೆ ಪಡೆದ ಯೂನಿಟ್ಟೂ ಒಂದೇ. ಆದರೆ ವಿದ್ಯುತ್ ಜಾಲಕ್ಕೆ ಅವೆರಡೂ ಒಂದೇ ಅಲ್ಲ. ಮಧ್ಯಾಹ್ನ ಅದಕ್ಕೆ ಅಜೀರ್ಣ, ಬೆಳಿಗ್ಗೆ ಹಸಿವು. ಅವರನ್ನು ದೂರುವಂತಿಲ್ಲ. ಫಲಕಕ್ಕೆ ಸಹಾಯಧನವಿದೆ, ಆ್ಯಪಿನಲ್ಲಿ ಏರುವ ಗ್ರಾಫಿದೆ. ಡ್ರಮ್ಮಿಗೆ ಬಹುಕಾಲ ಸಿಕ್ಕದ್ದು ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ.

ನಮ್ಮದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ 2 ಕಿಲೋವಾಟಿನ ಕಾಯಿಲ್ ಇರುತ್ತದೆ. ನಮ್ಮ ಮನೆಯಲ್ಲಿ ಅದರ ಸ್ವಿಚ್ಚು ಬಟ್ಟೆ ಒಗೆಯುವ ಮೆಶೀನಿನ ಹಿಂದಿದೆ. ಒಂದು ವರ್ಷ ಆಷಾಢದ ಜಡಿಯಲ್ಲಿ ಹಾಕಿದ ಆ ಸ್ವಿಚ್ಚನ್ನು ಆರಿಸಿದ್ದು ದೀಪಾವಳಿಗೆ ಮನೆ ಗುಡಿಸಲು ಮೆಶೀನನ್ನು ಎಳೆದಾಗ. ನಾಲ್ಕು ತಿಂಗಳು ನಮ್ಮ ಸೋಲಾರ್ ಹೀಟರ್ ಚಾವಣಿಯ ಮೇಲೆ ಕೂತ ದೊಡ್ಡದೊಂದು ಗೀಸರ್ ಆಗಿತ್ತು: ಇಡೀ ರಾತ್ರಿ ಕಾಯಿಲಿನಿಂದ ಕಾದು, ಬೆಳಿಗ್ಗೆ ಸೂರ್ಯ ಬಂದಾಗ ಅವನಿಗೆ ಮಾಡಲು ಕೆಲಸವೇ ಇರದಂತೆ. ಬಿಲ್ಲು ಫೋನಿನಿಂದ ತಾನಾಗಿಯೇ ಕಟ್ಟಿಹೋಗುತ್ತಿದ್ದುದರಿಂದ ಯಾರೂ ಅದನ್ನು ನೋಡಿರಲಿಲ್ಲ. ಬಚ್ಚಲೊಲೆ ನಾಲ್ಕು ತಿಂಗಳು ಸುಮ್ಮನೆ ಉರಿದರೆ ಸೌದೆಕೊಟ್ಟಿಗೆ ಖಾಲಿಯಾಗಿ, ಊರಿಗೆಲ್ಲ ಸುದ್ದಿಯಾಗುತ್ತಿತ್ತು.

ಕೊಳವೆಯೊಳಗಿನ ಲೆಕ್ಕ

ಇನ್ನು ಆ 14 ಲೀಟರಿಗೆ ಬರೋಣ. ಅಮ್ಮ ಊರಿಗೆ ಹೋದ ಮೇಲೆ ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಕೂತೆ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರ ಏರಿ ಬರುತ್ತದೆ. ನೀರು ಹೊರಡುವ ಜಾಗ ಶಿವನಸಮುದ್ರದ ಆಸುಪಾಸು. ಅದೇ ಶಿವನಸಮುದ್ರದಲ್ಲಿ ಕಾವೇರಿ ಕೆಳಗೆ ಧುಮುಕುವ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ವಿದ್ಯುತ್ತು ಬಂದದ್ದು. ನೂರು ವರ್ಷಗಳ ಹಿಂದೆ ಇಳಿಯುವ ನೀರು ಈ ಊರಿಗೆ ಕರೆಂಟು ಕೊಡುತ್ತಿತ್ತು. ಈಗ ನೀರನ್ನು ಏರಿಸಲು ಊರು ಕರೆಂಟು ಸುಡುತ್ತಿದೆ. ಇಷ್ಟೆಲ್ಲ ಇರುವಾಗ ಚೆಲ್ಲಿದ ನೀರಿನ ಹಿಂದಿನ ವಿದ್ಯುತ್ತು ನಮ್ಮ ಸೋಲಾರಿನ ಉಳಿತಾಯವನ್ನೇ ನುಂಗಿಹಾಕಿರುತ್ತದೆ ಎಂದುಕೊಂಡು, ಸ್ವಲ್ಪ ಹುರುಪಿನಿಂದಲೇ ಗುಣಿಸಿದೆ. ಲೆಕ್ಕ ನನ್ನ ಹುರುಪಿಗೆ ತಣ್ಣೀರೆರಚಿತು. 14 ಲೀಟರನ್ನು 500 ಮೀಟರ್ ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿ, ಬೇಕಾದದ್ದು ಒಂದು ಯೂನಿಟ್ಟಿನ ನೂರರಲ್ಲಿ ಮೂರು ಭಾಗ. ನಾಲ್ವರ ಸ್ನಾನಕ್ಕೆ ಸೋಲಾರ್ ಉಳಿಸುವುದು ದಿನಕ್ಕೆ ಒಂದೂವರೆ ಯೂನಿಟ್ಟಿನ ಆಸುಪಾಸು. ಐವತ್ತಕ್ಕೆ ಒಂದು.

ವಿದ್ಯುತ್ತಿನ ದೃಷ್ಟಿಯಿಂದ ನಾನು ಆ ತಣ್ಣೀರನ್ನು ನಿಶ್ಚಿಂತೆಯಿಂದ ಚೆಲ್ಲಬಹುದು ಎಂದಾಯಿತು. ಆದರೂ ಸಮಾಧಾನವಾಗಲಿಲ್ಲ. ಬೋರ್‌ವೆಲ್ ಬತ್ತಿದ ಬೀದಿಯಲ್ಲಿ ಒಂದು ಕೊಡ ನೀರಿಗೆ ಬದಲಾಗಿ ನೂರರಲ್ಲಿ ಮೂರು ಯೂನಿಟ್ಟನ್ನು ಯಾರಿಗಾದರೂ ಕೊಡಲು ಸಾಧ್ಯವೇ? ಎಲ್ಲವನ್ನೂ ಯೂನಿಟ್ಟಿಗೆ, ಇಲ್ಲವೇ ಕಾರ್ಬನ್ನಿನ ಕಿಲೋಗೆ ಇಳಿಸಿ ತೂಗುವ ಅಭ್ಯಾಸ ನಮಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಆ ತಕ್ಕಡಿಯಲ್ಲಿ ಹಗುರಾದದ್ದು ನಿಜವಾಗಿಯೂ ಹಗುರ ಎಂದೇ ನಂಬಿಬಿಡುತ್ತೇವೆ.

ಹುಡುಕುತ್ತ ಹೋದಾಗ ಇನ್ನೊಂದು ನಷ್ಟ ಸಿಕ್ಕಿತು, ಅದು ಯೂನಿಟ್ಟಿನಲ್ಲೂ ದೊಡ್ಡದು. ಒಂದು ಇಂಚಿನ ಕೊಳವೆಯ ಒಂದು ಮೀಟರಿನಲ್ಲಿ ಅರ್ಧ ಲೀಟರ್ ನೀರು ಹಿಡಿಯುತ್ತದೆ. ನಮ್ಮ ಚಾವಣಿಯಿಂದ ಕೆಳಗಿನ ಬಚ್ಚಲಿಗೆ ಬರುವ ಕೊಳವೆ ಮನೆಯನ್ನು ಅರ್ಧ ಪ್ರದಕ್ಷಿಣೆ ಹಾಕಿ, ಸುಮಾರು 20 ಮೀಟರ್ ಉದ್ದವಿದೆ. ಅಂದರೆ ಕೊನೆಯ ಸ್ನಾನ ಮುಗಿದು ನಲ್ಲಿ ನಿಲ್ಲಿಸಿದಾಗ 10 ಲೀಟರ್ ಸುಡುನೀರು ಕೊಳವೆಯಲ್ಲೇ ಉಳಿದು, ಯಾರ ಮೈಗೂ ತಾಗದೆ ತಣ್ಣಗಾಗುತ್ತದೆ. ಅದರ ಶಾಖ ಯೂನಿಟ್ಟಿನ ಮೂರನೇ ಒಂದು ಭಾಗ, ಪಂಪಿನ ಲೆಕ್ಕಕ್ಕಿಂತ ಹತ್ತು ಪಟ್ಟು. ಬೇಸಿನ್ನಿನಲ್ಲಿ ಕೈ ತೊಳೆಯಲು ಬಿಸಿನೀರಿನ ನಲ್ಲಿಯನ್ನು ಅರೆನಿಮಿಷ ತಿರುಗಿಸುವುದು ಇದಕ್ಕಿಂತ ವಿಚಿತ್ರ: ಕೈಗೆ ಸಿಗುವುದು ತಣ್ಣೀರೇ, ಆದರೆ ಮೇಲಿನ ಟ್ಯಾಂಕಿನಿಂದ ಅಷ್ಟೇ ಬಿಸಿನೀರು ಕೊಳವೆಗೆ ಇಳಿದು ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಇದು ದಿನಕ್ಕೆ ಹತ್ತು ಸಲ ನಡೆಯುತ್ತಿತ್ತು. ಆ ನಲ್ಲಿಯ ಕೆಳಗಿನ ವಾಲ್ವನ್ನು ಮುಚ್ಚಿಬಿಟ್ಟೆ. ಒಂದು ತಿಂಗಳು ಕಳೆದರೂ ಯಾರಿಗೂ ಗೊತ್ತಾಗಲಿಲ್ಲ.

ಒಂದು ಅಳತೆಗಿಂತ ದೊಡ್ಡ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವೆಂಬ ನಿಯಮ ಕರ್ನಾಟಕದಲ್ಲಿ 2007ರ ಹೊತ್ತಿಗೇ ಬಂದಿತ್ತು. ನಾವೂ ಅದರಂತೆ ಹಾಕಿಸಿ, ಚಾವಣಿಯ ಮೇಲೆ ನಿಂತು ತೆಗೆದ ಫೋಟೊವನ್ನು ಅರ್ಜಿಗೆ ಅಂಟಿಸಿದ್ದೆವು. ಕೊಳವೆ ಎಷ್ಟು ಉದ್ದ, ಎಷ್ಟು ದಪ್ಪ, ಬಚ್ಚಲು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಮನೆಯ ನಕ್ಷೆ ಹಾಕುವಾಗ ನಾವೂ ಯೋಚಿಸಲಿಲ್ಲ. ವಾಸ್ತುವಿಗೆ ಮೂಲೆ ಹುಡುಕಿದೆವು, ಟೈಲ್ಸಿನ ಬಣ್ಣಕ್ಕೆ ಎರಡು ವಾರ ಅಂಗಡಿ ಸುತ್ತಿದೆವು. ಸೂರ್ಯನಿಂದ ಟ್ಯಾಂಕಿನ ತನಕದ ಹಾದಿ ಕಂಪನಿಯವರ ಜವಾಬ್ದಾರಿಯಾಗಿ ಚೆನ್ನಾಗಿಯೇ ಇತ್ತು. ಟ್ಯಾಂಕಿನಿಂದ ಮೈಯ ತನಕದ ಹಾದಿ ಗೋಡೆಯೊಳಗೆ ಹುದುಗಿ ಯಾರದ್ದೂ ಆಗದೆ ಉಳಿಯಿತು.

ಕಳೆದ ವರ್ಷ ಕೆಳಗಿನ ಬಚ್ಚಲಿಗೆ ಬೇರೆ ಕೊಳವೆ ಎಳೆಸಿದೆ. ಮುಕ್ಕಾಲು ಇಂಚಿನದು, ಗೋಡೆಯ ಹೊರಗಿನಿಂದ ನೇರ ಇಳಿಕೆ, 11 ಮೀಟರ್, ಮೇಲೆ ಕಪ್ಪು ಫೋಮಿನ ಕವಚ. ಪ್ಲಂಬರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ಎಲ್ಲಾರೂ ದಪ್ಪ ಪೈಪು ಹಾಕ್ಸಿ ಅಂತಾರೆ ಸಾರ್, ನೀವು ಸಣ್ಣದು ಅಂತೀರಲ್ಲ. ಆಮೇಲೆ ಪ್ರೆಶರ್ ಬರಲ್ಲ ಅಂತ ನನ್ನ ಕರೀಬಾರ್ದು," ಎಂದು ಮೂರು ಸಲ ಹೇಳಿ ಕೆಲಸ ಶುರು ಮಾಡಿದ. ಟ್ಯಾಂಕು ಎರಡು ಅಂತಸ್ತು ಮೇಲಿರುವುದರಿಂದ ಒತ್ತಡ ಧಾರಾಳವಾಗಿ ಸಿಕ್ಕಿತು. ಫೋಮಿನ ಕವಚದಿಂದ ಒಬ್ಬರ ಹಿಂದೊಬ್ಬರು ಮೀಯುವಾಗ ನಡುವೆ ನೀರು ಆರುವುದಿಲ್ಲ, ಆದರೆ ಇಡೀ ರಾತ್ರಿಯ ಚಳಿಗೆ ಅದೂ ಸೋಲುತ್ತದೆ. ಬೆಳಗಿನ ಮೊದಲ ನೀರನ್ನು ಕಡಿಮೆ ಮಾಡಿದ್ದು ಕೊಳವೆಯ ಉದ್ದ ಮತ್ತು ದಪ್ಪ. ಅಳೆದರೆ 14 ಲೀಟರ್ 5ಕ್ಕೆ ಇಳಿದಿತ್ತು. ಮಗಳು ಸಂಜೆಯ ಸ್ನಾನಕ್ಕೆ ಬದಲಾಯಿಸಿಕೊಂಡಳು, ಶಾಲೆಯ ಆಟದ ನೆಪದಲ್ಲಿ. ಬಿಸಿಲು ಕಾಯಿಸಿದ ನೀರನ್ನು ಇಳಿಹೊತ್ತಿಗೇ ಬಳಸುವುದು ಟ್ಯಾಂಕಿನ ದೃಷ್ಟಿಯಿಂದ ಅತ್ಯುತ್ತಮ ಎಂದು ನಾನು ಅವಳಿಗೆ ವಿವರಿಸಲು ಹೋಗಿ, ಅವಳು ಬಾಗಿಲು ಹಾಕಿಕೊಂಡಳು.

ಮೇಲಿನ ಅಂತಸ್ತಿನ ಬಚ್ಚಲು ಮಾತ್ರ ಹಾಗೆಯೇ ಇದೆ. ಅದು ಟ್ಯಾಂಕಿಗೆ ಹತ್ತಿರವಾದ್ದರಿಂದ ಅಲ್ಲಿ ಒತ್ತಡ ಮೊದಲೇ ಕಡಿಮೆ, ಸಣ್ಣ ಕೊಳವೆ ಹಾಕಿದರೆ ಪ್ಲಂಬರಿನ ಮಾತೇ ನಿಜವಾದೀತು. ಹಾಗಾಗಿ ಅಲ್ಲಿ ಅಮ್ಮನ ಉಪಾಯವೇ ಮುಂದುವರಿದಿದೆ. ಮೊನ್ನೆ ಫೋನಿನಲ್ಲಿ ಅಮ್ಮ ಅದನ್ನು ವಿಚಾರಿಸಿದಳು. ಕೆಳಗಿನ ಕೊಳವೆಯ ಉದ್ದ, ದಪ್ಪ, ಲೀಟರಿನ ಲೆಕ್ಕವನ್ನೆಲ್ಲ ಮತ್ತೊಮ್ಮೆ ಒಪ್ಪಿಸಿ, ಮೇಲಿನದಕ್ಕೆ ಬಕೆಟ್ಟು ಇಟ್ಟಿದ್ದೇವೆ, ನೀರು ಗಿಡಗಳಿಗೆ ಹೋಗುತ್ತದೆ ಎಂದೆ. ಒಂದು ಕ್ಷಣ ಸುಮ್ಮನಿದ್ದು, "ಬಕೆಟ್ಟು ತುಂಬಿದ ಮೇಲೆ ಗಿಡದ ತನಕ ಎತ್ತಿಕೊಂಡು ಹೋಗೋದು ಯಾರು?" ಎಂದು ಕೇಳಿದಳು. ಫೋನು ಸ್ಪೀಕರಿನಲ್ಲಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಅಮ್ಮನಿಗೂ ಕೇಳಿಸಿರಬೇಕು.